ಸಂಸ್ಥಾನದ ಕಾಲ ಚೆನ್ನಾಗಿತ್ತಾ? ನಮ್ಮ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜಮಖಂಡಿಯವಳು. ಎಂಟು ವರ್ಷದಿಂದ ಬಾಗಲಕೋಟೆ, ಬೆಳಗಾವಿ ಜಿಲ್ಲೆಯ ಊರುಗಳಲ್ಲಿ ವಯಸ್ಸಾದವರ ಹತ್ತಿರ ಕೂತು ಅವರ ನೆನಪುಗಳನ್ನು ಬರೆದುಕೊಳ್ಳುತ್ತಿದ್ದೇನೆ. ಸಂಸ್ಥಾನ ಹೋಗಿ ಸರ್ಕಾರ ಬಂದದ್ದು, ಮುಂಬೈ ಬಿಟ್ಟು ಮೈಸೂರು ಸೇರಿದ್ದು, ಹೊಲ ಕೈಬದಲಾದದ್ದು, ಇವೇ ಮಾತು ಜಾಸ್ತಿ. ನಾನು ಹಿರಿಯರನ್ನು ಕೇಳುತ್ತಿದ್ದರೆ ಅವರ ಮೊಮ್ಮಕ್ಕಳು ನನ್ನನ್ನು ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನಮ್ಮ ಕಡೆ ಯಾವ ಯಾವ ಸಂಸ್ಥಾನಗಳಿದ್ದವು?

ಮುಖ್ಯವಾಗಿ ಮೂರು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಾಮದುರ್ಗ ಭಾವೆ ಮನೆತನದ್ದು. ಇದರ ಜೊತೆಗೆ ಹೊರಗಿನ ಸಂಸ್ಥಾನಗಳ ತುಣುಕುಗಳೂ ಇದ್ದವು. ತೇರದಾಳ ಸಾಂಗಲಿಗೆ ಸೇರಿತ್ತು, ರಾಯಬಾಗ ಕೊಲ್ಹಾಪುರಕ್ಕೆ. ಉಳಿದದ್ದು ಬ್ರಿಟಿಷರ ಬೆಳಗಾವಿ ಮತ್ತು ವಿಜಾಪುರ ಜಿಲ್ಲೆಗಳು. ಹಳೆಯ ಮಂದಿ ಅದನ್ನು 'ಖಾಲ್ಸಾ' ಅಂತಾರೆ.

ಗಡಿಗಳು ಎಷ್ಟು ವಿಚಿತ್ರವಾಗಿದ್ದವು ಅಂದರೆ, ಬೆಳಗಾವಿಯೊಳಗೇ ಇರುವ ಶಹಾಪುರ ಆಗ ಸಾಂಗಲಿ ರಾಜರದ್ದು. ಬೆಳಗಾವಿ ಪೇಟೆಯಿಂದ ನಡೆದು ಹೋದರೆ ಬ್ರಿಟಿಷ್ ಸರ್ಕಾರ ಮುಗಿದು ಸಂಸ್ಥಾನ ಶುರು. ಈಗ ಒಂದೇ ಉಸಿರಲ್ಲಿ ರಬಕವಿ-ಬನಹಟ್ಟಿ ಅಂತೀವಲ್ಲ, ಆಗ ರಬಕವಿ ಸಾಂಗಲಿಯದು, ಬನಹಟ್ಟಿ ಜಮಖಂಡಿಯದು. ಎರಡೂ ಕಡೆ ಮಗ್ಗದ ಸಪ್ಪಳ ಒಂದೇ, ರಾಜರು ಮಾತ್ರ ಬೇರೆ. ದೂರದ ಕುಂದಗೋಳ, ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು, ಅದೂ ಜಮಖಂಡಿಗೇ ಸೇರಿತ್ತು. ನಡುವೆ ಎಷ್ಟೋ ಬೇರೆಯವರ ನೆಲ.

ಇವೆಲ್ಲ ಭಾರತದಲ್ಲಿ ವಿಲೀನವಾದದ್ದು ಯಾವಾಗ? 1947ರಲ್ಲೇ ಅಲ್ವಾ?

ಅಲ್ಲ. ಆಡಳಿತ ಪೂರ್ತಿ ಕೈಬದಲಾದದ್ದು 1948ರ ಮಾರ್ಚ್ 8ಕ್ಕೆ. ಅವತ್ತು ಜಮಖಂಡಿ, ಮುಧೋಳ, ರಾಮದುರ್ಗ ಮುಂಬೈ ಪ್ರಾಂತದಲ್ಲಿ ವಿಲೀನವಾದವು. ಕೊಲ್ಹಾಪುರ ಇನ್ನೊಂದು ವರ್ಷ ತಡೆದು 1949ರ ಮಾರ್ಚ್ 1ಕ್ಕೆ ಸೇರಿತು. ರಾಯಬಾಗದವರಿಗೆ ಅದೇ ತಾರೀಕು. 1956ರ ನವೆಂಬರ್ 1ಕ್ಕೆ ಚಂದಗಡ ತಾಲ್ಲೂಕು ಬಿಟ್ಟು ಉಳಿದ ಬೆಳಗಾವಿ, ಮತ್ತು ಪೂರ್ತಿ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದವು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯ್ತು. 1997ರಲ್ಲಿ ವಿಜಾಪುರ ಒಡೆದು ಬಾಗಲಕೋಟೆ ಜಿಲ್ಲೆ ಆಯ್ತು.

1930ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಅವಳು ಹುಟ್ಟಿದ ಓಣಿ ಬಿಟ್ಟು ಎಲ್ಲೂ ಹೋಗಿಲ್ಲ. ಆದರೂ ಸಂಸ್ಥಾನ, ಮುಂಬೈ, ಮೈಸೂರು, ಕರ್ನಾಟಕ ಅಂತ ನಾಲ್ಕು ಹೆಸರಿನ ಕೆಳಗೆ ಬಾಳಿದ್ದಾಳೆ. ನಡುವೆ ಜಿಲ್ಲೆಯೂ ಬದಲಾಗಿದೆ.

ನಮ್ಮ ಮುತ್ಯಾ 'ರಾಜರ ಕಾಲ ಚೆಂದ ಇತ್ತು' ಅಂತಾರೆ. ಪಕ್ಕದ ಮನೆ ಆಯಿ 'ಆ ಕಾಲ ಮತ್ತ ಬರೂದು ಬ್ಯಾಡ' ಅಂತಾರೆ. ಯಾರ ಮಾತು ನಿಜ?

ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದೇ. ಇಬ್ಬರದ್ದೂ ನಿಜ. ಯಾಕೆ ಅಂತ ಎರಡು ಮನೆಗಳ ಕಥೆ ಹೇಳ್ತೀನಿ.

ಒಬ್ಬ ಮುತ್ಯಾ, ತೊಂಬತ್ತು ದಾಟಿದವರು. ಅವರ ತಂದೆ ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದರು. ದಸರಾ ದಿನ ಹೊಸ ರುಮಾಲು ಸುತ್ತಿಕೊಂಡು ಬನ್ನಿ ಕೊಡಲು ಹೋಗುತ್ತಿದ್ದ ತಂದೆಯ ಕೈ ಹಿಡಿದು ಇವರೂ ಹೋಗಿದ್ದಾರೆ. ತಿಂಗಳ ಪಗಾರ ತಪ್ಪುತ್ತಿರಲಿಲ್ಲ. ಊರಲ್ಲಿ ಯಾರಿಗೆ ಏನೇ ಕೆಲಸ ಇದ್ದರೂ ಮೊದಲು ಇವರ ಮನೆ ಕಟ್ಟೆಗೆ ಬರುತ್ತಿದ್ದರು. ವಿಲೀನದ ಮೇಲೆ ತಂದೆಗೆ ದೂರದ ಊರಿಗೆ ವರ್ಗ ಆಯ್ತು. ಕಟ್ಟೆ ಖಾಲಿಯಾಯ್ತು. ಆ ಮುತ್ಯಾನಿಗೆ ರಾಜ್ಯ ಬದಲಾದದ್ದು ಅಂದರೆ ಆ ಖಾಲಿ ಕಟ್ಟೆ.

ಅದೇ ಊರಿನ ದಲಿತ ಓಣಿಯ ಒಬ್ಬ ಆಯಿ. ಚಿಕ್ಕವಳಿದ್ದಾಗ ಅವರ ಅವ್ವನ ಜೊತೆ ಬಾವಿ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಬಾವಿ ಮುಟ್ಟುವ ಹಾಗಿಲ್ಲ. ಯಾರಾದರೂ ಮೇಲಿನಿಂದ ಕೊಡಕ್ಕೆ ನೀರು ಸುರಿದರೆ ಉಂಟು. ನನ್ನ ಮುಂದೆ ಎರಡೂ ಕೈ ಚಾಚಿ, ಕೊಡ ಹೇಗೆ ಹಿಡಿಯಬೇಕಿತ್ತು ಅಂತ ತೋರಿಸಿದರು. ಬಾಗಿ, ತೋಳು ಮುಂದೆ ಮಾಡಿ, ಮುಖ ಹಿಂದೆ ಸರಿಸಿ. ಎಪ್ಪತ್ತೈದು ವರ್ಷದ ಮೇಲೂ ಮೈ ಅದನ್ನು ಮರೆತಿಲ್ಲ. 'ಸಂಸ್ಥಾನ ಹೋದ ಮ್ಯಾಲೆ ಇದು ನಿಂತಿತೇನು ಆಯಿ?' ಅಂತ ಕೇಳಿದೆ. 'ಎಲ್ಲಿ ನಿಂತೈತಿ ತಂಗಿ. ನಮ್ಮ ಓಣಿಗಿ ನಳ ಬಂತಲ್ಲ, ಅವತ್ತ ನಿಂತತಿ' ಅಂದರು.

ಅವತ್ತಿನಿಂದ ನಾನು ಯಾರ ಮನೆಗೆ ಹೋದರೂ 'ಆಗ ಚೆನ್ನಾಗಿತ್ತಾ, ಈಗ ಚೆನ್ನಾಗಿದೆಯಾ' ಅಂತ ಕೇಳುವುದು ಬಿಟ್ಟಿದ್ದೇನೆ. 'ನಿಮ್ಮ ಮನಿಗೆ ರಾಜ್ಯ ಬದಲಾದದ್ದು ಯಾವಾಗ?' ಅಂತ ಕೇಳ್ತೀನಿ. ಮಾರ್ಚ್ 8 ಅಂತ ಯಾರೂ ಹೇಳುವುದಿಲ್ಲ. ಒಬ್ಬರು ನಳ ಬಂದ ದಿನ ಅಂತಾರೆ. ಇನ್ನೊಬ್ಬರು ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅಪ್ಪನ ಹೆಸರು ಬಿದ್ದ ದಿನ ಅಂತಾರೆ. ಮಗಳು ಹೈಸ್ಕೂಲಿಗೆ ಹೋದ ದಿನ ಅಂದವರೂ ಇದ್ದಾರೆ.

ರಾಜರು ಒಳ್ಳೆಯದೇನೂ ಮಾಡಲಿಲ್ವಾ?

ಮಾಡಿದ್ದಾರೆ, ಅದನ್ನು ಮುಚ್ಚಿಡಬಾರದು. ಜಮಖಂಡಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಕಲಿತವರಲ್ಲಿ ಗುರುದೇವ ರಾನಡೆಯವರೂ ಒಬ್ಬರು. ತತ್ವಶಾಸ್ತ್ರದಲ್ಲಿ ದೊಡ್ಡ ಹೆಸರು, ಹುಟ್ಟಿದ್ದು 1886ರಲ್ಲಿ ಇದೇ ಜಮಖಂಡಿಯಲ್ಲಿ. ಅವರ ಆಶ್ರಮ ಈಗಲೂ ವಿಜಯಪುರ ಜಿಲ್ಲೆಯ ನಿಂಬಾಳದಲ್ಲಿದೆ. ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲೇ ತಮ್ಮ ನೌಕರಿಗಳಲ್ಲಿ ಅರ್ಧ ಭಾಗ ಹಿಂದುಳಿದವರಿಗೆ ಅಂತ ಹುಕುಂ ಹೊರಡಿಸಿದರು. 1917ರಲ್ಲಿ ಉಚಿತ, ಕಡ್ಡಾಯ ಪ್ರಾಥಮಿಕ ಶಾಲೆ ಅಂದರು. ನಮ್ಮ ರಾಯಬಾಗ ಅವರ ಆಳ್ವಿಕೆಯಲ್ಲೇ ಇತ್ತು. ಇಂಥ ರಾಜರನ್ನು ಉಳಿದವರ ಜೊತೆ ಒಂದೇ ತಕ್ಕಡಿಗೆ ಹಾಕೋಕೆ ನನಗೆ ಮನಸ್ಸು ಬರುವುದಿಲ್ಲ.

ಮುಧೋಳದ ಮಾಲೋಜಿರಾವ್ ಘೋರ್ಪಡೆ ನಮ್ಮ ಬೇಟೆನಾಯಿಯ ತಳಿ ಉಳಿಸಿ ಬೆಳೆಸಿದರು. ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕೊಟ್ಟರು. ಇವತ್ತು ಮುಧೋಳ ನಾಯಿ ಅಂದರೆ ದೇಶಕ್ಕೆಲ್ಲ ಗೊತ್ತು.

ಇನ್ನೊಂದು ಮುಖವೂ ಇದೆ. ಪುಣೆಯ ಸರ್ ಪರಶುರಾಮಭಾವು ಕಾಲೇಜಿಗೆ ಆ ಹೆಸರು ಬಂದದ್ದು ನಮ್ಮ ಜಮಖಂಡಿ ರಾಜರಿಂದ. ಸಂಸ್ಥಾನ ಆ ಕಾಲದಲ್ಲಿ ಎರಡು ಲಕ್ಷ ರೂಪಾಯಿ ಕೊಟ್ಟಿತ್ತು. ಇದನ್ನು ಹೇಳಿದಾಗ ಕೆಲವರಿಗೆ ಹೆಮ್ಮೆ ಆಗುತ್ತದೆ. ಕೆಲವರು ಸಿಟ್ಟಾಗಿ 'ಕಂದಾಯ ನಮ್ಮದು, ಕಾಲೇಜು ಪುಣೇದವರಿಗೆ' ಅಂತಾರೆ. ನನಗೆ ಎರಡನೆಯವರ ಮಾತೇ ಹೆಚ್ಚು ಸರಿ ಅನಿಸುತ್ತದೆ. ಜೋಳ ಬೆಳೆದು ಕಂದಾಯ ಕಟ್ಟಿದವನ ಮಗ ಪುಣೆಗೆ ಹೋಗಿ ಕಲಿಯುವ ಸ್ಥಿತಿಯಲ್ಲಿ ಇರಲಿಲ್ಲ.

ಜನ ಸುಮ್ನೆ ಸಹಿಸಿಕೊಂಡಿದ್ದರಾ?

ಇಲ್ಲ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ಒಪ್ಪಲಿಲ್ಲ. ಬ್ರಿಟಿಷರ ದಂಡು ಊರ ಮೇಲೆ ಬಂತು. ಹಿಡಿದವರನ್ನು ಗಲ್ಲಿಗೇರಿಸಿದರು. ಅವರ ಮೇಲೆ ಕಟ್ಟಿದ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬ ಬರೆಸಿಕೊಂಡದ್ದರಿಂದ ಅದು ನಮಗೆ ಉಳಿಯಿತು. ಮರು ವರ್ಷ, ಬಂಡೆದ್ದ ನರಗುಂದದ ರಾಜ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ನರಗುಂದ, ರಾಮದುರ್ಗ ಎರಡೂ ಭಾವೆಯವರ ಮನೆತನವೇ.

ರಾಮದುರ್ಗದ್ದು ಇನ್ನೂ ಹಸಿ ಗಾಯ. 1939ರ ಏಪ್ರಿಲ್. ತೆರಿಗೆ ಭಾರ ಇಳಿಸಿ ಅಂತ ಪ್ರಜಾ ಸಂಘದವರು ಹೋರಾಟ ನಡೆಸಿದ್ದರು. ಮುಖಂಡರನ್ನು ಹಿಡಿದು ಒಳಗೆ ಹಾಕಿದಾಗ ಸುತ್ತಲಿನ ಹಳ್ಳಿಗಳಿಂದ ಜನ ಸೇರಿದರು, ಜೈಲಿಗೆ ನುಗ್ಗಿದರು. ಪೊಲೀಸರು ಸತ್ತರು. ಆಮೇಲೆ ಕೇಸು, ಗಲ್ಲು. ಎಷ್ಟೋ ಮಂದಿ ಊರು ಬಿಟ್ಟರು. ಗಾಂಧೀಜಿ ಈ ಹಿಂಸೆಯನ್ನು ಒಪ್ಪಲಿಲ್ಲ.

ಆ ಕಡೆ ಹೋದಾಗ ನಾನು ತುಂಬ ಮೆಲ್ಲಗೆ ಮಾತಾಡ್ತೀನಿ. ಗಲ್ಲಿಗೇರಿದವರ ಮನೆಯಲ್ಲಿ ಫೋಟೋಕ್ಕೆ ಹೂವಿನ ಹಾರ ಇರುತ್ತದೆ. ಸತ್ತ ಪೊಲೀಸರ ಮನೆಯಲ್ಲೂ ದುಃಖ ಇರುತ್ತದೆ, ಅದನ್ನು ಕೇಳಲು ಯಾರೂ ಬರುವುದಿಲ್ಲ. ಅವರೂ ಬಡ ರೈತರ ಮಕ್ಕಳೇ, ಪಗಾರಕ್ಕೆ ಸೇರಿದವರು. ಒಬ್ಬರನ್ನು ಹುತಾತ್ಮರು ಅಂತ ನೆನೆಯೋದು ತಪ್ಪಲ್ಲ. ಇನ್ನೊಬ್ಬರ ಹೆಸರು ಎತ್ತಲೇಬಾರದು ಅನ್ನೋದು ತಪ್ಪು.

ವಿಲೀನದ ವೇಳೆ ಗಲಾಟೆ ಆಗಿತ್ತಾ?

ಕೈಬದಲಾದದ್ದು ಶಾಂತವಾಗಿಯೇ. ಅದಕ್ಕೂ ಮೊದಲು ರಾಮದುರ್ಗ, ಸಾಂಗಲಿ ಸೇರಿ ಎಂಟು ಸಂಸ್ಥಾನಗಳು ಕೂಡಿ ಒಂದು ಒಕ್ಕೂಟ ಮಾಡಿಕೊಳ್ಳಲು ನೋಡಿದ್ದವು. ಅದು ಬಾಳಲಿಲ್ಲ. ಜಮಖಂಡಿಯಲ್ಲಿ ಆಗ ಬಿ.ಡಿ. ಜತ್ತಿಯವರಿದ್ದರು. ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದವರು, ಜಮಖಂಡಿಯಲ್ಲಿ ವಕೀಲಿ ಮಾಡಿದರು, ಪುರಸಭೆ ಅಧ್ಯಕ್ಷರಾದರು, ಸಂಸ್ಥಾನದ ಮಂತ್ರಿಯಾದರು. ಮುಂದೆ 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. 1977ರಲ್ಲಿ ಕೆಲವು ತಿಂಗಳು ದೇಶದ ಹಂಗಾಮಿ ರಾಷ್ಟ್ರಪತಿ. ಸಂಸ್ಥಾನದ ಪ್ರಜೆಯಾಗಿ ಹುಟ್ಟಿದವರು ರಾಷ್ಟ್ರಪತಿ ಭವನದಲ್ಲಿ ಕೂತರು. ಈ ಮಾತನ್ನು ಮಕ್ಕಳಿಗೆ ಹೇಳುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ಆದರೆ ಆ ದಿನಗಳಲ್ಲಿ ಹೆದರಿ ಬದುಕಿದವರೂ ಇದ್ದಾರೆ. ಗಾಂಧೀಜಿ ಕೊಲೆಯಾದದ್ದು ಜನವರಿ 30. ವಿಲೀನಕ್ಕೆ ಸುಮಾರು ಐದೂವರೆ ವಾರ ಮೊದಲು. ಕೊಂದವನು ಬ್ರಾಹ್ಮಣ ಅಂತ ಗೊತ್ತಾದ ಮೇಲೆ ಸಾಂಗಲಿ, ಕೊಲ್ಹಾಪುರ ಕಡೆ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಇಟ್ಟರು. ಆಗ ಆ ಕಡೆಯಿಂದ ಓಡಿ ಬಂದ ಮನೆತನದ ಒಬ್ಬ ಅಜ್ಜಿ ನನಗೆ ಹೇಳಿದ್ದು ಇಷ್ಟೇ: 'ಅವ್ವ ತೊಟ್ಟಿಲಾಗಿನ ಕೂಸು ತಗೊಂಡ್ಲು, ದೇವರ ಪೆಟ್ಟಿಗಿ ಬಿಟ್ಲು.' ಅವರ ಪಾಲಿಗೆ 1948 ಅಂದರೆ ಸ್ವಾತಂತ್ರ್ಯದ ಮಾತು ಬರುವುದೇ ಇಲ್ಲ.

ಹೊಲದ ಕಾಯ್ದೆಯಿಂದ ಯಾರಿಗೆ ಲಾಭ ಆಯ್ತು?

ಉಳುವವರಿಗೆ. ಎಲ್ಲ ಉಳುವವರಿಗೂ ಅಲ್ಲ. 1948ರಲ್ಲಿ ಮುಂಬೈ ಸರ್ಕಾರದ ಗೇಣಿ ಕಾಯ್ದೆ ಬಂತು. 1950ರ ನಂತರ, ಹಿಂದೆ ಚಾಕರಿಗೆ, ಮಾನಕ್ಕೆ ಅಂತ ಕೊಟ್ಟಿದ್ದ ವತನ, ಇನಾಮುಗಳು ಒಂದೊಂದಾಗಿ ರದ್ದಾದವು. ಜತ್ತಿಯವರ ಸಮಿತಿಯ ವರದಿ ಮೇಲೆ 1961ರ ಭೂಸುಧಾರಣೆ ಕಾಯ್ದೆ ರೂಪುಗೊಂಡಿತು. ನಿಜವಾಗಿ ಊರೂರು ಅಲ್ಲಾಡಿದ್ದು ಮಾತ್ರ 1974ರಲ್ಲಿ, ದೇವರಾಜ ಅರಸರ ತಿದ್ದುಪಡಿ ಬಂದಾಗ. ಉಳುವ ಹೊಲ ತಮ್ಮ ಹೆಸರಿಗೆ ಮಾಡಿ ಅಂತ ಏಳನೇ ನಂಬರಿನ ಫಾರ್ಮು ತುಂಬಿ ಭೂ ಟ್ರಿಬ್ಯುನಲ್ ಮುಂದೆ ನಿಂತ ಕಥೆ ನಮ್ಮ ಕಡೆ ಮನೆ ಮನೆಯಲ್ಲಿದೆ.

ಫಾರ್ಮು ತುಂಬಿದವರ ಮಕ್ಕಳು ಅರಸರ ಫೋಟೋ ಇಟ್ಟುಕೊಂಡಿದ್ದಾರೆ. ಧಣಿಗೆ ಹೆದರಿ ತುಂಬದೇ ಉಳಿದವರ ಮಕ್ಕಳು ಇವತ್ತಿಗೂ ಕೂಲಿಗೆ ಹೋಗ್ತಾರೆ. ಜಮೀನು ಕಳೆದುಕೊಂಡವರಲ್ಲಿ ದೊಡ್ಡ ಇನಾಮದಾರರಷ್ಟೇ ಅಲ್ಲ, ನಾಲ್ಕು ಎಕರೆ ಗೇಣಿಗೆ ಕೊಟ್ಟು ಬಂದ ಕಾಳಿನಲ್ಲಿ ಬಾಳುತ್ತಿದ್ದ ವಿಧವೆಯರೂ ಇದ್ದರು. ಕಾಯ್ದೆ ಸರಿಯಾಗಿಯೇ ಇತ್ತು ಅಂತ ನಾನು ನಂಬಿದ್ದೇನೆ. ಆ ವಿಧವೆಯರಿಗೆ ಅನ್ಯಾಯ ಆಯ್ತು ಅನ್ನುವುದನ್ನೂ ಒಪ್ಪುತ್ತೇನೆ.

ಅರಮನೆಗಳ ಪಾಲಿಗೆ ಕಾಲ ಬದಲಾದದ್ದು 1971ರಲ್ಲಿ, ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ನಿಂತಾಗ.

ಈಗಿನ ಆಡಳಿತ ಸರಿಯಿಲ್ಲ ಅನ್ನೋದಕ್ಕೇ ಹಳೆಯ ಕಾಲ ಹೊಗಳ್ತಾರಾ?

ಬಹಳ ಸಲ ಹೌದು. 'ರಾಜರ ಬಾಗಿಲಿಗೆ ಹೋದ್ರ ಅವತ್ತ ತೀರ್ಮಾನ' ಅನ್ನುವವರನ್ನು 'ನೀವು ಹೋಗಿದ್ರೇನು?' ಅಂತ ಕೇಳಿ ನೋಡಿ. ಹೋದವರು ಸಿಗುವುದು ಅಪರೂಪ. ಅವರು ಹೇಳುತ್ತಿರುವುದು ಹಳೆಯ ಬಾಗಿಲಿನ ಮಾತಲ್ಲ, ಈಗಿನ ಬಾಗಿಲಿನ ಮಾತು.

ನನಗೆ ಇದು ಅರ್ಥವಾದದ್ದು ಸ್ವಂತ ಅನುಭವದಿಂದ. ಅಪ್ಪ ತೀರಿಕೊಂಡ ಮೇಲೆ ಎರಡೂವರೆ ಎಕರೆಯ ವಾರಸಾ ಮಾಡಿಸಲು ಒಂದು ಕಚೇರಿಗೆ ಹನ್ನೊಂದು ಸಲ ಅಲೆದೆ. ಹೆಸರಿನಲ್ಲಿ ಒಂದು ಅಕ್ಷರ ತಪ್ಪು, ಆಮೇಲೆ ಸರ್ವರ್ ಇಲ್ಲ, ಆಮೇಲೆ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ. ಒಂಬತ್ತನೇ ಸಲ ಮೆಟ್ಟಿಲ ಮೇಲೆ ಕೂತಾಗ ಪಕ್ಕದಲ್ಲಿದ್ದ ಹಿರಿಯರು 'ರಾಜರಿದ್ರ ಹಿಂಗ ಆಗ್ತಿರಲಿಲ್ಲ ನೋಡ್ರಿ' ಅಂದರು. ಅವತ್ತು ನನಗೆ ಅವರ ಜೊತೆ ವಾದ ಮಾಡಲು ಆಗಲಿಲ್ಲ. ಆದರೆ ಹತ್ತನೇ ಸಲಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ, ಹನ್ನೊಂದಕ್ಕೆ ಕೆಲಸ ಆಯ್ತು. ಸಂಸ್ಥಾನದಲ್ಲಿ ರಾಜನ ಮಾತಿನ ಮೇಲೆ ಅರ್ಜಿ ಹಾಕಬೇಕಾದರೆ ಒಬ್ಬ ಸಾಮಾನ್ಯ ಹೆಣ್ಣುಮಗಳು ಯಾರ ಹತ್ತಿರ ಹೋಗಬೇಕಿತ್ತು? ನನಗೆ ಈ ಕಾಲವೇ ಬೇಕು. ಹಾಗಂತ ಹನ್ನೊಂದು ಸಲ ಅಲೆಸಿದ್ದನ್ನು ಕ್ಷಮಿಸೋದಿಲ್ಲ.

ಕನ್ನಡ, ಮರಾಠಿ ಜಗಳಕ್ಕೂ ಸಂಸ್ಥಾನಗಳಿಗೂ ಸಂಬಂಧ ಇದೆಯಾ?

ಸ್ವಲ್ಪ ಇದೆ. ಈ ಸಂಸ್ಥಾನಗಳ ಕಾಗದಪತ್ರ ಮರಾಠಿಯಲ್ಲಿ, ಅದೂ ಮೋಡಿ ಅನ್ನುವ ಹಳೆಯ ಕೂಡುಬರಹದ ಲಿಪಿಯಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ ಆಡುವ ರೈತನಿಗೆ ತನ್ನ ಹೊಲದ ಕಾಗದ ಓದಲು ಬರುತ್ತಿರಲಿಲ್ಲ. ಅವನಿಗೆ 1956 ಅಂದರೆ ಕಾಗದ ತನ್ನ ಮಾತಿಗೆ ಬಂದದ್ದು. ಬೆಳಗಾವಿಯ ಮರಾಠಿ ಮನೆಯವರಿಗೆ ಅದೇ ವರ್ಷ ಕಾಗದ ತಮ್ಮ ಮಾತು ಬಿಟ್ಟು ಹೋದದ್ದು. ಒಂದೇ ನವೆಂಬರ್ 1ಕ್ಕೆ ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಕರಾಳ ದಿನ. ಈ ಗಡಿ ಜಗಳ ಬಗೆಹರಿಸಲು ನೇಮಿಸಿದ ಮಹಾಜನ ಆಯೋಗದ ವರದಿ 1967ರಲ್ಲೇ ಬಂತು. ಬೆಳಗಾವಿ ಕರ್ನಾಟಕದ್ದು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಪಕ್ಕದ ಮನೆಯ ಮರಾಠಿ ಕಾಕು ತನ್ನ ಹಳೆಯ ಶಾಲೆ ನೆನೆಸಿಕೊಂಡು ಕಣ್ಣೀರು ಹಾಕಿದರೆ ಅದನ್ನು ನಾಡದ್ರೋಹ ಅನ್ನಬೇಡಿ.

ಬಾಗಲಕೋಟೆಯವರು ಸಂಸ್ಥಾನದ ಮಾತೇ ಆಡೋದಿಲ್ಲವಲ್ಲ?

ಬಾಗಲಕೋಟೆ ಊರು ಬ್ರಿಟಿಷರ ಕಡೆ ಇತ್ತು. ಅಲ್ಲಿಯವರಿಗೆ ಕಾಲ ಎರಡು ಭಾಗ ಆದದ್ದು ಮುಳುಗಡೆಯಿಂದ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಮುಂದೆ ಹಿನ್ನೀರು ಹಳೆಯ ಪೇಟೆಗೆ ಬಂತು, ಮಂದಿ ನವನಗರಕ್ಕೆ ಬಂದರು. 'ಮುಳುಗಡೆಗಿಂತ ಮೊದಲ' ಅಂತಲೇ ಅವರು ವರ್ಷ ಎಣಿಸೋದು.

ನಮ್ಮ ಮನೆ ಹಿರಿಯರ ನೆನಪು ಬರೆದುಕೊಳ್ಳಬೇಕು. ಹೇಗೆ ಶುರು ಮಾಡಲಿ?

ಅಭಿಪ್ರಾಯ ಕೇಳಬೇಡಿ, ವಸ್ತು ಕೇಳಿ. ನೀರು ಎಲ್ಲಿಂದ ತರ್ತಿದ್ರಿ? ಚಾವಡಿಗೆ ಹೋದರೆ ಎಲ್ಲಿ ಕೂಡ್ತಿದ್ರಿ, ಒಳಗಾ, ಕಟ್ಟೆ ಮೇಲಾ, ನೆಲದ ಮೇಲಾ? ಬಿಟ್ಟಿ ಚಾಕರಿಗೆ ಮನೆಯಿಂದ ಯಾರು ಹೋಗ್ತಿದ್ರು? ಚಾವಡಿಯಲ್ಲಿ ಕೂಡುವ ಜಾಗ ಒಂದನ್ನು ಕೇಳಿದರೆ ಅರ್ಧ ಕಥೆ ತಾನೇ ಬರುತ್ತದೆ.

ತಾರೀಕು ಕೇಳಿ ಗಾಬರಿ ಮಾಡಬೇಡಿ. 'ಗಾಂಧಿ ಸತ್ತ ವರ್ಷನಾ, ಆಮೇಲಾ?', 'ಕೊಯ್ನಾ ಭೂಕಂಪಕ್ಕೆ ಮೊದಲಾ?', 'ಎಪ್ಪತ್ತೆರಡರ ಬರದಾಗಾ?' ಅಂತ ಕೇಳಿ. ಕೊಯ್ನಾ ಅಂದರೆ 1967ರ ಡಿಸೆಂಬರ್. ಮನೆಯ ಹೆಂಗಸರನ್ನು ಬೇರೆಯಾಗಿ ಕೂಡಿಸಿ ಕೇಳಿ. ಗಂಡಸರ ಮುಂದೆ ಅವರು 'ನನಗೇನ ಗೊತ್ತ' ಅಂತಾರೆ, ಒಳಗೆ ಒಲೆ ಮುಂದೆ ಕೂತರೆ ಎಲ್ಲ ಹೇಳ್ತಾರೆ. ಅವರು ತಪ್ಪು ಹೇಳಿದರೆ ತಿದ್ದಬೇಡಿ, ಬರೆದುಕೊಳ್ಳಿ.

ಮನೆಯಲ್ಲಿ ಮೋಡಿ ಲಿಪಿಯ ಹಳೆಯ ಕಾಗದ ಇದೆ. ಏನು ಮಾಡಲಿ?

ಮೊದಲು, ಎಸೆಯಬೇಡಿ. ಮುಧೋಳ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಮುತ್ಯಾ ದೇವರ ಗೂಡಿನಿಂದ ಒಂದು ಕಾಗದ ತೆಗೆದು ತೋರಿಸಿದರು. ಗುಳೇದಗುಡ್ಡದ ಖಣದಲ್ಲಿ ಸುತ್ತಿ ಇಟ್ಟಿದ್ದರು. ಮಡಿಕೆಯಲ್ಲಿ ಸವೆದಿತ್ತು, ಒಂದು ಮೂಲೆಗೆ ಕುಂಕುಮ ಹತ್ತಿತ್ತು. 'ನಮ್ಮಪ್ಪಗ ಮಹಾರಾಜರು ಕೊಟ್ಟ ಬಕ್ಷೀಸಿನ ಕಾಗದ' ಅಂದರು. ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಫೋಟೋ ತೆಗೆದುಕೊಂಡು ಮೋಡಿ ಬಲ್ಲವರಿಗೆ ತೋರಿಸಿದೆ. ಬಕ್ಷೀಸು ಅಲ್ಲ, ಕಂದಾಯ ಬಾಕಿ ತೀರಿಸಿದ ಪಾವತಿ.

ಹೇಳಬೇಕೋ ಬೇಡವೋ ಅಂತ ಎರಡು ತಿಂಗಳು ಒದ್ದಾಡಿದೆ. ಕೊನೆಗೆ ಹೋಗಿ ಹೇಳಿದೆ. ಮುತ್ಯಾ ಸ್ವಲ್ಪ ಹೊತ್ತು ಸುಮ್ನೆ ಕೂತರು. 'ಬಾಕಿ ಏನೂ ಉಳಿದಿಲ್ಲ ಅಂತ ಐತೇನು ಅದರಾಗ?' ಅಂದರು. ಹೌದು ಅಂದೆ. 'ಮತ್ತ ಅಪ್ಪ ತೀರಿಸ್ಯಾನಲ್ಲ' ಅಂದು ಅದನ್ನು ಮತ್ತೆ ಖಣದಲ್ಲಿ ಸುತ್ತಿ ಗೂಡಿನಲ್ಲಿಟ್ಟರು.

ನಿಮ್ಮಲ್ಲೂ ಇಂಥ ಕಾಗದ ಇದ್ದರೆ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ. ಮಡಿಕೆ ಬಿಡಿಸುವಾಗ ಒತ್ತಡ ಹಾಕಬೇಡಿ. ಬಿಸಿಲಿಲ್ಲದ ಬೆಳಕಿನಲ್ಲಿ ಎರಡೂ ಬದಿಯ ಫೋಟೋ ತೆಗೆಯಿರಿ. ಮೂಲ ಕಾಗದ ಮನೆಯಲ್ಲೇ ಇರಲಿ, ಓದುವವರಿಗೆ ಫೋಟೋ ಕೊಡಿ. ತೇವ ಬರದ ಕಡೆ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ. ಯಾರಿಂದ ಬಂತು, ಯಾವ ಹೊಲದ್ದು ಅಂತ ಹಿರಿಯರಿಗೆ ಗೊತ್ತಿದ್ದರೆ ಬೇರೆ ಹಾಳೆಯಲ್ಲಿ ಇವತ್ತೇ ಬರೆದು ಜೊತೆಗಿಡಿ.